ಲಕ್ಕುಂಡಿಯಲ್ಲಿ ವಸ್ತಿ: ನಾಲ್ಕನೇ ವರ್ಷಕ್ಕೆ ಕೈಹಿಡಿದ ಉಪಾಯ

“ತಮ್ಮಾ, ಲಕ್ಕುಂಡ್ಯಾಗ ಯಾರು ವಸ್ತಿ ಇರ್ತಾರೋ? ಹಂಪಿಗೆ ಹೋಗೋರು ಒಂದ್ ತಾಸು ನಿಂದರ್ತಾರ, ಫೋಟೋ ಹೊಡಕೊಂಡು ಹೋಗ್ತಾರ.”

ಗದಗ ಹತ್ತಿರದ ಲಕ್ಕುಂಡಿಯಲ್ಲಿ ಅಜ್ಜನ ಮನೆಯನ್ನು ಹೋಂಸ್ಟೇ ಮಾಡುತ್ತೇನೆ ಎಂದಾಗ ಸೋದರಮಾವ ಹೇಳಿದ ಮಾತಿದು. ಮೊದಲ ಮೂರು ವರ್ಷ ಅವರದೇ ಖರೆ ಆಯಿತು. ಹೋದ ಚಳಿಗಾಲದಲ್ಲಿ ಮಾತ್ರ ನಮ್ಮ ಮೂರೂ ಕೋಣೆ ತುಂಬಿ, ಬಂದವರನ್ನು ಗದಗಿನ ಲಾಡ್ಜಿಗೆ ಕಳಿಸಬೇಕಾಯಿತು.

ಪರವಾನಗಿ, ನೋಂದಣಿ ಮಾತು ಬಿಡಿ. ದುಡ್ಡು ಎಲ್ಲಿ ಹೋಯಿತು ಅಂತ ಹೇಳುತ್ತೇನೆ. ಬಚ್ಚಲು, ಕಕ್ಕಸಿಗೆ ಸುಮಾರು 2 ಲಕ್ಷ. ಅದು ಬೇಕಾಗಿದ್ದೇ. ಮೇಲ್ಮುದ್ದೆ, ಅಂದರೆ ಮಣ್ಣಿನ ಮಾಳಿಗೆ, ಸೋರುತ್ತದೆ ಅಂತ ಅದರ ಮೇಲೆ ಸಿಮೆಂಟ್ ಬಳಿಸಿದ್ದು ಮಾತ್ರ ನನ್ನ ದಡ್ಡತನ. ಒಂದೇ ಬೇಸಿಗೆಗೆ ಬಿರುಕು ಬಿಟ್ಟಿತು. ಮಳೆನೀರು ಒಳಗೇ ಕೂತು ಒಂದು ತೊಲೆ ಕೊಳೆಯಿತು. ಎಲ್ಲ ಕೀಳಿಸಿ ಮತ್ತೆ ಸವುಳು ಮಣ್ಣು ಹಾಕಿಸುವಷ್ಟರಲ್ಲಿ ಇನ್ನೊಂದು 70-80 ಸಾವಿರ. ಆಮೇಲೆ 2,000 ಕರಪತ್ರ ಹೊಡೆಸಿ ಹೊಸಪೇಟೆ, ಹುಬ್ಬಳ್ಳಿಯಲ್ಲಿ ಹಂಚಿದೆ. ಒಬ್ಬರೂ ಬರಲಿಲ್ಲ. ಒಂದು ಬುಕಿಂಗ್ ಆ್ಯಪ್ ಸೇರಿದೆ. ಬಂದ ನಾಲ್ಕು ಕಾಸಿನಲ್ಲಿ ಐದನೇ ಒಂದು ಪಾಲು ಅವರಿಗೇ ಹೋಯಿತು.

ತಪ್ಪು ನಾನು ಬಂದವರಿಗೆ ಊರು ತೋರಿಸುವ ಸುತ್ತಾಟದಲ್ಲೇ ಇತ್ತು. ಬೆಳಿಗ್ಗೆ 10ಕ್ಕೆ ಶುರುಮಾಡಿ ಒಂದಕ್ಕೆ ಎಲ್ಲ ತೋರಿಸಿ ಮುಗಿಸುತ್ತಿದ್ದೆ. ಊಟ ಆದಮೇಲೆ ಅವರಿಗೆ ಇಲ್ಲಿ ಏನು ಕೆಲಸ? ಹಂಪಿಗೆ ಹೊರಡುತ್ತಿದ್ದರು. ಹಾಗಾಗಿ ಸುತ್ತಾಟವನ್ನೇ ಎರಡು ತುಂಡು ಮಾಡಿದೆ. ಗುಡಿಗಳು ಸಂಜೆ ನಾಲ್ಕರ ಮೇಲೆ, ಬಾವಿಗಳು ಮರುದಿನ ಬೆಳಿಗ್ಗೆ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಹೆಸರಾದ ಊರಲ್ವಾ ಇದು! ಬಾವಿ ನೋಡಬೇಕಾದರೆ ರಾತ್ರಿ ಉಳಿಯಲೇಬೇಕು.

“ಇದ್ದ ಗಿರಾಕಿನೂ ಓಡಿಸ್ತೀ” ಎಂದರು ಮಾವ. ಆರು ತಿಂಗಳು ಹಾಗೇ ಆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಉಳಿದುಹೋದವರೇ ತಮ್ಮವರನ್ನು ಕಳಿಸತೊಡಗಿದರು.

ಹೇಳುವ ರೀತಿಯನ್ನೂ ಬದಲಿಸಿದೆ. ಬ್ರಹ್ಮಜಿನಾಲಯದ ಮುಂದೆ ನಿಂತು 1007, ಕಲ್ಯಾಣ ಚಾಲುಕ್ಯರು ಎಂದರೆ ಜನ ಆಕಳಿಸುತ್ತಾರೆ. ಇದನ್ನು ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು 1,000 ಪ್ರತಿ ಕೈಯಲ್ಲೇ ಬರೆಸಿ ಹಂಚಿದವಳು ಎಂದರೆ ಕಿವಿ ನೆಟ್ಟಗಾಗುತ್ತದೆ. ಕಾಶಿವಿಶ್ವನಾಥನ ಗುಡಿಯಲ್ಲಿ ನಾನು ಮಾತೇ ಆಡುವುದಿಲ್ಲ. ಎದುರಿನ ಸೂರ್ಯನ ಗುಡಿ ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿ ಅಂತಷ್ಟೇ ಹೇಳುತ್ತೇನೆ. ಪಡುವಣಕ್ಕೆ ಅಂತ ಅವರೇ ಕಂಡುಕೊಂಡು ಚರ್ಚೆ ಶುರುಮಾಡುತ್ತಾರೆ.

ಮಾಣಿಕೇಶ್ವರನ ಮುಂದಿನ ಮುಸುಕಿನ ಬಾವಿಗೆ ಎಷ್ಟು ಹೊತ್ತಿಗೆ ಕರೆದೊಯ್ಯುತ್ತೇನೆ, ಯಾವ ಮೆಟ್ಟಿಲ ಮೇಲೆ ಕೂರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಟ್ಯಾಕ್ಸಿ ಚಾಲಕರನ್ನು ಒಲಿಸಿಕೊಂಡ ಬಗೆಯೂ ಅಷ್ಟೇ.

ಚಕ್ಕಡಿ ಸವಾರಿಯನ್ನೂ ಮಾಡಿ ನೋಡಿದೆ. ಹೆದ್ದಾರಿ ಲಾರಿಯ ಹಾರನ್ನಿಗೆ ಎತ್ತು ಬೆದರಿ ಬೆಂಗಳೂರಿನ ಇಬ್ಬರು ಜೋಳದ ಹೊಲದಲ್ಲಿ ಬಿದ್ದರು. ಪೆಟ್ಟಾಗಲಿಲ್ಲ, ಪುಣ್ಯ. ಅಂದೇ ನಿಲ್ಲಿಸಿದೆ. ಹಗೇವು ತೋರಿಸುವುದು ಮಾತ್ರ ಚೆನ್ನಾಗಿ ನಡೆದಿದೆ. ನೆಲದೊಳಗೆ ಜೋಳ ತುಂಬಿಡುತ್ತಿದ್ದರು ಎಂದರೆ ಮಕ್ಕಳು ನಂಬುವುದೇ ಇಲ್ಲ. ನೀವೂ ತೋರಿಸುವುದಾದರೆ ಹಗೇವಿನ ಮುಚ್ಚಳ ಹಿಂದಿನ ದಿನವೇ ತೆಗೆದಿಡಿ, ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ಗಾಳಿ ಕೆಟ್ಟದ್ದು. ಚಳಿಗಾಲದಲ್ಲಿ ಎರಡನೇ ರಾತ್ರಿಯೂ ಉಳಿದವರನ್ನು ನಮ್ಮ ಜಿಲ್ಲೆಯದೇ ಆದ ಮಾಗಡಿ ಕೆರೆಗೆ ಕಳಿಸುತ್ತೇನೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನನಗೆ ಪುಕ್ಕಟೆ ದುಡಿಯುತ್ತವೆ!

ಎರಡು ಊಟ, ನಾಷ್ಟಾ ಸೇರಿ ತಲೆಗೆ 1,800 ತೆಗೆದುಕೊಳ್ಳುತ್ತೇನೆ. ರೊಟ್ಟಿ ನಾವು ಬಡಿಯುವುದಿಲ್ಲ. ಓಣಿಯ ಮೂವರು ಅಕ್ಕಂದಿರು ಬಡಿಯುತ್ತಾರೆ, ರೊಟ್ಟಿಗೆ 10 ರೂಪಾಯಿ. ಎಣ್ಣೆಗಾಯಿ, ಗುರೆಳ್ಳು ಚಟ್ನಿ ಅವ್ವನ ಕೈದು. ಖರ್ಚೆಲ್ಲ ಕಳೆದು ಹೋದ ವರ್ಷ ಎರಡು ಲಕ್ಷದ ಹತ್ತಿರ ಉಳಿಯಿತು.

ಮಾವ ಈಗ ತಮ್ಮ ಮನೆಗೂ ಹೊಸ ಬಚ್ಚಲು ಕಟ್ಟಿಸುತ್ತಿದ್ದಾರೆ. ಮೇಲ್ಮುದ್ದೆಗೆ ಸಿಮೆಂಟ್ ಹಾಕಬೇಡಿ ಎಂದಿದ್ದೇನೆ. ನಿನ್ನೆ ನೋಡಿದರೆ ಅಂಗಳದಲ್ಲಿ ಹತ್ತು ಚೀಲ ಇಳಿದಿತ್ತು.