ಹತ್ತರಿ ಹಿಡಿದು ಕಲಿತದ್ದು

ಮೊದಲ ಕೆಲವು ದಿನ ನನ್ನ ಹತ್ತರಿ ಮರವನ್ನು ಹೆರೆಯಲಿಲ್ಲ, ಕೆರೆಯಿತು. ಒಮ್ಮೆ ಹಲಗೆಯ ಮೇಲೆ ಸುಮ್ಮನೆ ಜಾರಿಹೋಗುತ್ತಿತ್ತು, ಇನ್ನೊಮ್ಮೆ ಗಕ್ಕನೆ ನಿಂತು ಸಿಬಿರು ಕಿತ್ತುಕೊಂಡು ಬರುತ್ತಿತ್ತು. ತೋಳಿನ ಬಲ ಸಾಲದೆಂದು ಭಾವಿಸಿ ಇನ್ನಷ್ಟು ಒತ್ತಿ ತಳ್ಳಿದೆ. ಕೊನೆಗೊಮ್ಮೆ ಅಲಗನ್ನು ಬಿಚ್ಚಿ ದೀಪದ ಕೆಳಗೆ ಹಿಡಿದಾಗ ಅಂಚಿನುದ್ದಕ್ಕೂ ಬಿಳಿಯ ಗೆರೆಯೊಂದು ಮಿನುಗಿತು. ಹರಿತವಾದ ಅಂಚಿನಲ್ಲಿ ಅಂಥ ಗೆರೆ ಕಾಣಿಸುವುದಿಲ್ಲ. ಹೊಸ ಅಲಗೆಂಬ ಕಾರಣಕ್ಕೆ ನಾನು ಅದನ್ನು ಮಸೆದೇ ಇರಲಿಲ್ಲ.

ಮೊದಲು ಅಲಗಿನ ಚಪ್ಪಟೆ ಬೆನ್ನನ್ನು, ಅಂಚಿಗೆ ಹತ್ತಿರದ ಒಂದೆರಡು ಸೆಂಟಿಮೀಟರಿನಷ್ಟು ಭಾಗವನ್ನು ಮಾತ್ರ, ಕಲ್ಲಿನ ಮೇಲೆ ಮಟ್ಟ ಮಾಡಿದೆ. ಬಳಿಕ ಅಲಗಿನ ಇನ್ನೊಂದು ಬದಿಯಲ್ಲಿರುವ 25 ಡಿಗ್ರಿಯ ಇಳಿಜಾರಿನ ತುದಿಯನ್ನಷ್ಟೇ 30 ಡಿಗ್ರಿಗೆ ಎತ್ತಿ ಹಿಡಿದು, ಬೆನ್ನಿನ ಕಡೆಯಿಂದ ಅಂಚಿನ ಹೊರಕ್ಕೆ ಬೆರಳು ಸವರಿದಾಗ ಸಣ್ಣ ತರಿಯೊಂದು ಉದ್ದಕ್ಕೂ ತಾಕುವವರೆಗೆ 1000 ಗ್ರಿಟ್‌ನ (ಈ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು) ಸಾಣೆಕಲ್ಲಿನಲ್ಲಿ ಮಸೆದು, 6000ದ ಕಲ್ಲಿನಲ್ಲಿ ಆ ತರಿಯನ್ನು ತೆಗೆದೆ. ಅಂದು ಮೊದಲ ಬಾರಿಗೆ ಹತ್ತರಿಯ ಬಾಯಿಂದ ಪುಡಿಯ ಬದಲು ಸುರುಳಿ ಎದ್ದಿತು.

ಆದರೂ ಹಲಗೆ ನೇರವಾಗಲಿಲ್ಲ. ಅಂಟಿಸಬೇಕಿದ್ದ ಎರಡು ಹಲಗೆಗಳ ಅಂಚುಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ನಡುವೆ ಗಟ್ಟಿಯಾಗಿ ಕೂತು, ಎರಡೂ ತುದಿಗಳಲ್ಲಿ ಬೆಳಕು ತೂರಿಬರುತ್ತಿತ್ತು. ಹೆರೆದಷ್ಟೂ ತುದಿಗಳೇ ಸವೆಯುತ್ತಿದ್ದವು. ಹತ್ತರಿ ಹಲಗೆಯನ್ನು ಏರುವಾಗ ಅದರ ಹಿಂಭಾಗವನ್ನೂ, ಹಲಗೆಯಿಂದ ದಾಟುವಾಗ ಮುಂಭಾಗವನ್ನೂ ನಾನು ಒತ್ತುತ್ತಿದ್ದುದರಿಂದ ಅದು ಎರಡು ಕಡೆಯೂ ಕೆಳಕ್ಕೆ ವಾಲುತ್ತಿತ್ತು. ಮಾಡಬೇಕಾದದ್ದು ಇದಕ್ಕೆ ಪೂರ್ತಿ ತಿರುಗುಮುರುಗು: ಆರಂಭದಲ್ಲಿ ಭಾರ ಮುಂದಿನ ಕೈಯಲ್ಲಿದ್ದು, ಕೊನೆಗೆ ಬರುವಷ್ಟರಲ್ಲಿ ಹಿಂದಿನ ಕೈಗೆ ಬಂದಿರಬೇಕು. ಹೇಳಲು ಸುಲಭ, ಕೈಗೆ ಹತ್ತಲು ನನಗೆ ಒಂದು ತಿಂಗಳು ಹಿಡಿಯಿತು. ಈಗಲೂ ಅನುಮಾನ ಬಂದಾಗ ಎರಡೂ ತುದಿಗಳನ್ನು ಮುಟ್ಟದೆ ನಡುಭಾಗವನ್ನು ಮಾತ್ರ ಹೆರೆಯುತ್ತೇನೆ. ಅಲ್ಲಿ ಕೂದಲೆಳೆಯಷ್ಟು ತಗ್ಗು ಬಿದ್ದು ಅಲಗು ಕಚ್ಚದಂತಾದ ಮೇಲೆ, ಈ ತುದಿಯಿಂದ ಆ ತುದಿಗೆ ಒಂದೆರಡು ಸಲ ಪೂರ್ತಿ ತಳ್ಳಿದರೆ ಅಂಚು ನೇರವಾಗುತ್ತದೆ.

ಮರದ ಎಳೆಯ ದಿಕ್ಕನ್ನು ಹಲಗೆಯ ಪಕ್ಕದಿಂದ ನೋಡಿಕೊಳ್ಳುತ್ತೇನೆ. ಅಲ್ಲಿನ ಗೆರೆಗಳು ನಾನು ತಳ್ಳುವ ಕಡೆಗೆ ಮೇಲೇರುತ್ತಿದ್ದರೆ ಸರಿ. ಇಳಿಯುತ್ತಿದ್ದರೆ, ಹಸುವಿನ ಮೈಯನ್ನು ಬಾಲದಿಂದ ಕತ್ತಿನ ಕಡೆಗೆ ಸವರಿದಂತೆ, ಎಳೆಗಳು ಎದ್ದು ನಿಲ್ಲುತ್ತವೆ. ಗಂಟಿನ ಸುತ್ತ ಮಾತ್ರ ಈ ಲೆಕ್ಕ ನಡೆಯದು, ಏಕೆಂದರೆ ಅಲ್ಲಿ ಎಳೆ ಅಂಗೈ ಅಗಲದೊಳಗೇ ದಿಕ್ಕು ಬದಲಿಸುತ್ತದೆ. ಅಂಥಲ್ಲಿ ಅಲಗಿನ ಮೇಲೆ ಕೂರುವ ತಗಡನ್ನು ಅಂಚಿನಿಂದ ಅರ್ಧ ಮಿಲಿಮೀಟರಿಗಿಂತಲೂ ಹತ್ತಿರಕ್ಕೆ ಸರಿಸಿ, ಹಿಂದೆ ಇಟ್ಟ ಬರಹ ಕಾಣುವಷ್ಟು ತೆಳುವಾದ ಸುರುಳಿಯನ್ನಷ್ಟೇ ತೆಗೆಯುತ್ತೇನೆ.

ಇದನ್ನು ಅರಿಯುವ ಮುನ್ನ ಹೆರೆದ ಆ ಎರಡು ಹಲಗೆಗಳಲ್ಲಿ ಒಂದರ ಗಂಟಿನ ಪಕ್ಕದಲ್ಲಿ ಉಗುರು ಇಳಿಯುವಷ್ಟು ಆಳದ ಕುಳಿ ಬಿದ್ದಿತ್ತು. ಅವುಗಳಿಂದ ಪೆಟ್ಟಿಗೆಗೆ ಮುಚ್ಚಳ ಮಾಡಿದಾಗ ಆ ಮಗ್ಗುಲನ್ನು ಒಳಗಡೆಗೆ ಬರುವಂತೆ ಕೂರಿಸಿದೆ.