ರ್‍ಯಾಂಡ್‌ಬಿಟ್ವೀನ್ ಕೈಬಿಟ್ಟ ಮೇಲೆ ಪಟ್ಟಿ ನಿಂತಿತು

500 ವೋಚರುಗಳಲ್ಲಿ 40ನ್ನು ತಪಾಸಣೆಗೆ ಆರಿಸಬೇಕು, ಆಯ್ಕೆಯಲ್ಲಿ ಯಾರ ಕೈವಾಡವೂ ಇರಬಾರದು. ಎಲ್ಲರೂ ಮೊದಲು ಹಿಡಿಯುವುದು, ಸ್ಪ್ರೆಡ್‌ಶೀಟಿನಲ್ಲಿ ಎರಡು ಸಂಖ್ಯೆಗಳ ನಡುವಿನ ಯಾವುದೋ ಒಂದನ್ನು ಯಾದೃಚ್ಛಿಕವಾಗಿ ಎತ್ತಿಕೊಡುವ ರ್‍ಯಾಂಡ್‌ಬಿಟ್ವೀನನ್ನೇ. ಅದರ ಕಾಟ ನಿಮಗೆ ಗೊತ್ತೇ ಇದೆ: ಯಾವ ಸೆಲ್‌ನಲ್ಲಿ ಏನು ಬರೆದರೂ ಪಟ್ಟಿ ಪೂರ್ತಿ ಬದಲು. ಮೌಲ್ಯಗಳನ್ನಷ್ಟೇ ಪೇಸ್ಟ್ ಮಾಡಿ ಕಟ್ಟಿಹಾಕಿದರೆ, ‘ಬೇಕಾದ ಪಟ್ಟಿ ಬರುವ ತನಕ ಮರುಲೆಕ್ಕದ ಎಫ್9 ಕೀಲಿ ಒತ್ತಿದಿರಿ’ ಎಂಬ ಕೊಂಕು. ಮೇಲಾಗಿ 500ರಲ್ಲಿ 40 ಎತ್ತಿದರೆ ಯಾವುದಾದರೂ ಸಂಖ್ಯೆ ಮರುಕಳಿಸುವ ಸಾಧ್ಯತೆ ನೂರಕ್ಕೆ ಸುಮಾರು 80.

ದುಡ್ಡು ಕೊಟ್ಟು ಸ್ಪ್ರೆಡ್‌ಶೀಟಿಗೆ ಜೋಡಿಸುವ ಆಡ್-ಇನ್ ತಂತ್ರಾಂಶವೊಂದನ್ನೂ ತಂದೆ. ಕಂಪ್ಯೂಟರಿಗೊಂದು ಶುಲ್ಕ, ವರ್ಷವರ್ಷವೂ ನವೀಕರಣ. ಪರಿಶೀಲಿಸುವವರ ಬಳಿ ಅದೇ ಇಲ್ಲದಿದ್ದರೆ ಅಷ್ಟೂ ದಂಡ.

ಕೊನೆಗೆ ಗೆದ್ದದ್ದು ಬರೀ ಗುಣಾಕಾರ, ಭಾಗಾಕಾರ. ಒಂದು ಸೆಲ್‌ನಲ್ಲಿ ಸೀಡ್, ಅಂದರೆ ಸಾಲು ಶುರುವಾಗುವ ಸಂಖ್ಯೆ. ಕೆಳಗಿನ ಪ್ರತಿ ಸೆಲ್‌ನಲ್ಲಿ, ಮೇಲಿನದನ್ನು 16807ರಿಂದ ಗುಣಿಸಿ 2147483647ರಿಂದ ಭಾಗಿಸಿದಾಗ ಉಳಿಯುವ ಶೇಷ, ಅದಕ್ಕೆ ‘ಮಾಡ್’ ಎಂಬ ಫಂಕ್ಷನ್ ಸಾಕು. ಸೀಡ್ 1 ಆದರೆ 16807, 282475249, 1622650073 ಎಂದು ಸಾಲು ಸಾಗುತ್ತದೆ. ಗುಣಲಬ್ಧ, ಸ್ಪ್ರೆಡ್‌ಶೀಟ್ ನಿಖರವಾಗಿ ಹಿಡಿಯುವ 15 ಅಂಕಿ ದಾಟದ ಕಾರಣ ಲೆಕ್ಕ ಎಲ್ಲೂ ಜಾರುವುದಿಲ್ಲ. 200 ಕೋಟಿಗೂ ಹೆಚ್ಚು ಹೆಜ್ಜೆಗಳ ತನಕ ಯಾವ ಸಂಖ್ಯೆಯೂ ಮರಳಿ ಬಾರದು. ವೋಚರುಗಳ ಪಕ್ಕ ಇದನ್ನಿಟ್ಟು, ಗಾತ್ರದ ಕ್ರಮದಲ್ಲಿ ರ್‍ಯಾಂಕ್ 40ರೊಳಗಿನವನ್ನು ಗುರುತಿಸುತ್ತೇನೆ. ಸಾರ್ಟ್ ಮಾತ್ರ ಮಾಡಬೇಡಿ, ಒಂದೊಂದು ಸಾಲೂ ಮೇಲಿನದಕ್ಕೆ ಜೋತುಬಿದ್ದಿದೆ. ಸಣ್ಣ ಸೀಡ್ ಕೊಟ್ಟರೆ ಮೊದಲ ಸಾಲುಗಳು ನೆಚ್ಚಿಕೆಗೆ ಬಾರವು, ಕೆಲವನ್ನು ಬಿಡುತ್ತೇನೆ. ಎಷ್ಟು ಎಂಬುದು ನನ್ನಲ್ಲೇ ಇರಲಿ.

ನಡುವೆ ದಾಳದ ಆಟವನ್ನೂ ಹಾಳೆಯಲ್ಲೇ ಆಡಿದೆ. 0ಯಿಂದ 1ರೊಳಗಿನ ಸಂಖ್ಯೆಯೊಂದನ್ನು ಎತ್ತಿಕೊಡುವ ರ್‍ಯಾಂಡನ್ನು 5ರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ರೌಂಡ್ ಮಾಡಿ, 1 ಕೂಡಿಸಿದೆ. ಹತ್ತು ಸಾವಿರ ಸಾಲುಗಳಲ್ಲಿ 2ರಿಂದ 5ರವರೆಗಿನವು ತಲಾ ಎರಡು ಸಾವಿರದ ಆಸುಪಾಸು, 1 ಮತ್ತು 6 ಅದರ ಅರ್ಧ. 6ರಿಂದ ಗುಣಿಸಿ ದಶಮಾಂಶ ಕತ್ತರಿಸುವ ಇಂಟ್ ಹಾಕಿ 1 ಕೂಡಿಸಿದರೆ ಆರೂ ಸಮ. ರೌಂಡ್ ಹಚ್ಚಿದ ಹಾಳೆಗಳನ್ನು ಈಗಲೂ ಎಷ್ಟೋ ಕಡೆ ನೋಡುತ್ತೇನೆ!

‘ಪ್ರೋಗ್ರಾಂ ಬರೆಯದೆ ಇದಾಗದು’ ಎಂದವರೇ ತಮ್ಮ ಕಂಪ್ಯೂಟರಿನಲ್ಲಿ, ಬೇರೊಂದು ಸ್ಪ್ರೆಡ್‌ಶೀಟಿನಲ್ಲಿ ಅದೇ ಸೀಡ್ ಹಾಕಿ ನೋಡಿದರು. ಅದೇ ನಲವತ್ತು ಬಂತು. ಈಗ ಸೀಡನ್ನೂ ಅವರ ಬಾಯಿಂದಲೇ ಹೇಳಿಸುತ್ತೇನೆ. ಸೊನ್ನೆ ಎಂದರೆ ಮಾತ್ರ ಒಪ್ಪುವುದಿಲ್ಲ, ಕಾಲಂ ತುಂಬ ಸೊನ್ನೆಯೇ ಸುರಿಯುತ್ತದೆ.