ಗ್ಯಾಸ್ ಕಟರ್ ಹಚ್ಚುವ ಮೊದಲು ಒಂದು ಗಂಟೆ

ಹಳೇ ಗಾಡಿ ಬಿಚ್ಚುವವರಿಗೂ, ಹಳೇ ಗಾಡಿಯನ್ನು ಗುಜರಿಗೆ ಕೊಡುವವರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಹಾಸನದ ಬಿ.ಎಂ. ರಸ್ತೆ ಪಕ್ಕದ ನಮ್ಮ ಮಾವನ ಶೆಡ್ಡಿನಲ್ಲಿ ನಾನು ಮೊದಲು ಸ್ಪ್ಯಾನರ್ ಹಿಡಿದಿದ್ದು 1998ರಲ್ಲಿ. ಈಗ ಒಂದು ನೋಂದಾಯಿತ ಗುಜರಿ ಕೇಂದ್ರದಲ್ಲಿ ಗಾಡಿ ಬಿಚ್ಚುವ ಹುಡುಗರನ್ನು ನೋಡಿಕೊಳ್ಳುತ್ತೇನೆ. ಹೊಸಬ ಯಾರೇ ಕೆಲಸಕ್ಕೆ ಬಂದರೂ ಮೊದಲ ದಿನ ಅವನ ಕೈಗೆ ಬೆಂಕಿಯಿಂದ ತಗಡು ಕತ್ತರಿಸುವ ಗ್ಯಾಸ್ ಕಟರ್ ಕೊಡುವುದಿಲ್ಲ. ಒಂದು ಟಾರ್ಚು, ಒಂದು ಜರಡಿ, ಒಂದು ಜೊತೆ ದಪ್ಪ ಗ್ಲೌಸ್ ಕೊಡುತ್ತೇನೆ. ಗಾಡಿ ಕಾಟಾ ಮೇಲೆ ಹತ್ತಿದರೆ ಎಲ್ಲವೂ ಕೆ.ಜಿ. ಲೆಕ್ಕ. ಅದಕ್ಕೆ ಮೊದಲು, ಗಾಡಿಯವರು ಕಳೆದುಕೊಂಡ ಸಾಮಾನು ಏನಾದರೂ ಒಳಗಿದೆಯಾ ಅಂತ ಒಂದು ಗಂಟೆ ಕೈಯಾಡಿಸಿ ನೋಡಬೇಕು. ಇಷ್ಟು ವರ್ಷದಲ್ಲಿ ಏನೂ ಸಿಗದೇ ಹೋದ ಗಾಡಿ ನನಗೆ ನೆನಪಿಲ್ಲ.

ಹುಡುಕಾಟ ಶುರುವಾಗುವುದು ಗಾಡಿಯಲ್ಲಲ್ಲ, ಗಾಡಿ ತಂದವರ ಜೊತೆ ಮಾತಿನಲ್ಲಿ. ‘ಸಾಮಾನು ತೆಗೆದುಕೊಂಡ್ರಾ?’ ಅಂತ ಕೇಳಿದರೆ ಎಲ್ಲರೂ ‘ಹ್ಞೂಂ’ ಅನ್ನುತ್ತಾರೆ. ‘ಈ ಗಾಡೀಲಿ ಯಾವತ್ತಾದ್ರೂ ಏನಾದ್ರೂ ಕಳೆದಿತ್ತಾ?’ ಅಂತ ಕೇಳಿ ನೋಡಿ. ಗೇಟಿನ ತನಕ ಹೋದವರು ತಿರುಗಿ ಬಂದು ಹೇಳುತ್ತಾರೆ. ಮಗಳ ಕಾಲ್ಗೆಜ್ಜೆ, ಬೀರುವಿನ ಬೀಗದ ಕೈ, ಅಪ್ಪನ ಪೆನ್ನು. ಅದನ್ನು ಬರೆದುಕೊಳ್ಳಿ. ಜೊತೆಗೆ ಫೋನ್ ನಂಬರ್, ಗಾಡಿ ನಂಬರ್, ಗಾಡಿ ಮೊದಲು ಯಾರ ಕೈಯಲ್ಲಿತ್ತು ಅನ್ನುವುದನ್ನೂ ಬರೆದುಕೊಳ್ಳಿ. ಮೂರು ಕೈ ಬದಲಾದ ಗಾಡಿಯಲ್ಲಿ ಸಿಕ್ಕಿದ್ದು ಕೊನೆಯವರದೇ ಆಗಿರಬೇಕು ಅಂತೇನಿಲ್ಲ.

ಆಮೇಲೆ ಬ್ಯಾಟರಿ. ಮೈನಸ್ ತಂತಿ ಮೊದಲು ಬಿಚ್ಚಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಬ್ಯಾಟರಿ ತೆಗೆದು ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ. ಸ್ಟಿಯರಿಂಗ್ ಮಧ್ಯದ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕಲೇಬೇಡಿ. ಒಳಗಿರುವುದು ಸಿಡಿಯುವ ಮದ್ದು. ಅದನ್ನು ಕಲಿತವರೇ ತೆಗೆಯಬೇಕು.

ಬಾನೆಟ್ ಎತ್ತುವ ಮೊದಲು ಅದರ ಮೇಲೆ ನಾಲ್ಕು ಸಲ ಜೋರಾಗಿ ಬಡಿಯಿರಿ. ವರ್ಷಗಟ್ಟಲೆ ನಿಂತ ಗಾಡಿ ಅಂದರೆ ಇಲಿಗೆ ಮನೆ. ಇಲಿ ಇದ್ದ ಕಡೆ ಹಾವು ಬರುತ್ತದೆ. ನಮ್ಮಲ್ಲಿ ಒಂದು ಮ್ಯಾಟಡೋರಿನ ಏರ್ ಫಿಲ್ಟರ್ ಡಬ್ಬದ ಪಕ್ಕ ನಾಗರ ಹಾವು ಸುತ್ತಿಕೊಂಡು ಮಲಗಿತ್ತು. ಎಲ್ಲರೂ ದೂರ ನಿಂತು ಹಾವು ಹಿಡಿಯುವವರಿಗೆ ಫೋನ್ ಮಾಡಿದೆವು. ಬಂದವರು ಚೀಲಕ್ಕೆ ಹಾಕಿಕೊಂಡು ಹೋಗಿ ಬಿಟ್ಟು ಬಂದರು. ಇಲಿ ಗೂಡು ಸಿಕ್ಕರೆ ಒಣಗಿದ್ದನ್ನು ಹಾಗೇ ಗುಡಿಸಬೇಡಿ. ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ನೆನೆದ ಮೇಲೆ ಗ್ಲೌಸ್ ಹಾಕಿಕೊಂಡು ತೆಗೆಯಿರಿ. ಇಲಿ ಉಚ್ಚೆ ಕೈ ಮೇಲಿನ ಗಾಯಕ್ಕೆ ತಾಗಿದರೆ ಇಲಿ ಜ್ವರ ಬರಬಹುದು. ಆದರೆ ಗೂಡನ್ನು ಬಿಡಿಸಿ ನೋಡದೆ ಎಸೆಯಬೇಡಿ. ಇಲಿಗೆ ಕಾಗದ ಅಂದರೆ ಹಾಸಿಗೆ. ಡ್ಯಾಶ್‌ಬೋರ್ಡಿನಿಂದ ಎಳೆದುಕೊಂಡು ಹೋದ ಆರ್.ಸಿ. ಪುಸ್ತಕದ ಅರ್ಧ ನನಗೆ ಸಿಕ್ಕಿದ್ದು ಅಂಥ ಗೂಡಿನಲ್ಲೇ.

ಈಗ ಸೀಟು. ಸಿಗುವುದರಲ್ಲಿ ಜಾಸ್ತಿ ಪಾಲು ಇಲ್ಲೇ. ಹಿಂದಿನ ಸೀಟಿನಲ್ಲಿ ಕೂರುವ ಜಾಗಕ್ಕೂ ಒರಗುವ ಜಾಗಕ್ಕೂ ನಡುವೆ ಸಂದು ಇರುತ್ತದೆ. ಆ ಸಂದಿಗೆ ಕೈ ತುರುಕಬೇಡಿ. ಸೂಜಿ, ಬ್ಲೇಡು, ಮುರಿದ ಬಳೆ ಎಲ್ಲ ಅಲ್ಲೇ ಇರುತ್ತವೆ. ಸೀಟನ್ನೇ ಬಿಚ್ಚಿ ಹೊರಗೆ ತಂದು ಹಳೇ ಬೆಡ್‌ಶೀಟಿನ ಮೇಲೆ ಬೋರಲು ಹಾಕಿ. ನಿಧಾನವಾಗಿ ತಟ್ಟಿ. ಉದುರಿದ್ದನ್ನು ಜರಡಿ ಹಿಡಿಯಿರಿ. ಅಯಸ್ಕಾಂತ ಆಡಿಸಿ ಮುಗಿಸಿಬಿಡುವವರಿದ್ದಾರೆ. ಅಯಸ್ಕಾಂತಕ್ಕೆ ಬೋಲ್ಟು, ನಟ್ಟು ಬರುತ್ತದೆ. ಚಿನ್ನ, ಬೆಳ್ಳಿ ಬರುವುದಿಲ್ಲ.

ಅಂಬಾಸಿಡರ್ ಆದರೆ ಇನ್ನೂ ಹುಷಾರಾಗಿ ನೋಡಬೇಕು. ನಮ್ಮ ಕೈಗೆ ಬಂದ ಹಳೇ ಅಂಬಾಸಿಡರ್ ಸೀಟುಗಳಲ್ಲಿ ಕೆಳಗೆ ಸುರುಳಿ ಸ್ಪ್ರಿಂಗು, ಅದರ ಮೇಲೆ ತೆಂಗಿನ ನಾರು. ಬಿದ್ದ ವಸ್ತು ಸ್ಪ್ರಿಂಗಿನೊಳಗೆ ಇಳಿದು ನಾರಿಗೆ ಸಿಕ್ಕಿಕೊಂಡರೆ ಎಷ್ಟು ತಟ್ಟಿದರೂ ಉದುರುವುದಿಲ್ಲ. 2009ರಲ್ಲಿ ಅರಸೀಕೆರೆ ಕಡೆಯಿಂದ ಬೆಳ್ಳಗಿನ ಒಂದು ಅಂಬಾಸಿಡರ್ ಬಂತು. ತಂದವರು ನಡುವಯಸ್ಸಿನವರು. ನನ್ನ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಮ್ಮನ ಒಂದು ಜುಮುಕಿ ಹೋಗಿತ್ತು. ತುಂಬಾ ವರ್ಷ ಆಯ್ತು ಬಿಡಿ, ಅದು ಗಾಡೀಲಿ ಹೋಗಿದ್ದಲ್ಲ’ ಅಂದರು. ಅದಕ್ಕಿಂತ ಜಾಸ್ತಿ ಹೇಳಲಿಲ್ಲ. ನಾನು ಸೀಟಿನ ಗೋಣಿ ಬಟ್ಟೆ ಕತ್ತರಿಸಿ ನಾರನ್ನು ಎಳೆ ಎಳೆಯಾಗಿ ಬಿಡಿಸಿದೆ. ಎಡಗಡೆಯಿಂದ ಮೂರನೇ ಸ್ಪ್ರಿಂಗಿನ ತಳದಲ್ಲಿ ಮಣ್ಣಿನ ಉಂಡೆಯ ಹಾಗೆ ಒಂದು ಗಂಟು ಇತ್ತು. ಉಜ್ಜಿದರೆ ಒಳಗೆ ಹಳದಿ ಬಣ್ಣ. ಗಂಟೆ ಆಕಾರದ ಜುಮುಕಿ. ಸುತ್ತಲಿನ ಸಣ್ಣ ಮುತ್ತುಗಳಲ್ಲಿ ಎರಡು ಇರಲಿಲ್ಲ. ತಿರುಪು ಇನ್ನೂ ಕಂಬಿಯಲ್ಲೇ ಇತ್ತು, ಅರ್ಧ ಬಿಚ್ಚಿಕೊಂಡು.

ಅದನ್ನು ನಾನೇ ತೆಗೆದುಕೊಂಡು ಹೋದೆ. ಆ ಮನೆಯ ಅಜ್ಜಿ ಕೈಯಲ್ಲಿ ಹಿಡಿದು ಒಂದು ನಿಮಿಷ ನೋಡಿದರು. ಚಿನ್ನದ ಮಾತೇ ಆಡಲಿಲ್ಲ. ‘ಮಗಾ, ಇದನ್ನ ಡ್ರೈವರ್ ಎತ್ಕೊಂಡ ಅಂತ ಅವನನ್ನ ಕೆಲಸದಿಂದ ಬಿಡಿಸಿದ್ವಿ ಕಣಪ್ಪ. ಹದಿಮೂರು ವರ್ಷ ಆಯ್ತು’ ಅಂದರು. ಅವತ್ತೇ ಸಾಯಂಕಾಲ ಮಗನ ಜೊತೆ ಆ ಡ್ರೈವರ್ ಮನೆಗೆ ಹೊರಟರು. ಜುಮುಕಿಯನ್ನು ನಾರಿನ ಸಮೇತ ಕರ್ಚೀಫಿನಲ್ಲಿ ಕಟ್ಟಿಕೊಂಡರು, ತೋರಿಸುವುದಕ್ಕೆ. ಆ ಸೀಟನ್ನು ನಾನು ಹಾಗೇ ಕುಲುಮೆಗೆ ಹಾಕಿದ್ದರೆ ಒಬ್ಬ ಮನುಷ್ಯ ಕೊನೇ ತನಕ ಕಳ್ಳನಾಗಿಯೇ ಉಳಿಯುತ್ತಿದ್ದ, ಅಲ್ವಾ?

ಸೀಟಾದ ಮೇಲೆ ಬಾಗಿಲು. ಕಿಟಕಿ ಗಾಜು ಇಳಿಯುವ ಸಂದಿನಲ್ಲಿ ತೆಳ್ಳಗಿನ ವಸ್ತು ಏನೇ ಜಾರಿದರೂ ಅದು ಬಾಗಿಲಿನ ಹೊಟ್ಟೆಗೆ ಹೋಗುತ್ತದೆ. ಬಾಚಣಿಗೆ, ಫೋಟೋ, ಲೈಸೆನ್ಸು, ಬಸ್ ಪಾಸು. ಬಾಗಿಲು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ತಳದ ನೀರು ಹೋಗುವ ತೂತು ಕಟ್ಟಿಕೊಂಡಿದೆ ಅಂತ ಅರ್ಥ. ಮೊದಲು ಅದನ್ನು ತಂತಿಯಿಂದ ಚುಚ್ಚಿ ಬಿಡಿಸಿ. ಮಾರುತಿ 800ರಲ್ಲಿ ಗಾಜು ಏರಿಸುವ ಹಿಡಿಯ ಹಿಂದೆ ಒಂದು ಸಣ್ಣ ಕ್ಲಿಪ್ ಇರುತ್ತದೆ. ಹಿಡಿ ಮತ್ತು ಬಾಗಿಲಿನ ಒಳಮೈ ಮುಚ್ಚುವ ಪ್ಯಾಡಿನ ನಡುವೆ ಬಟ್ಟೆ ಪಟ್ಟಿ ತೂರಿಸಿ ಆ ಕಡೆ ಈ ಕಡೆ ಎಳೆದಾಡಿ, ಕ್ಲಿಪ್ ಟಕ್ ಅಂತ ಹಾರಿ ಬರುತ್ತದೆ. ಪ್ಯಾಡ್ ಮುರಿಯಬೇಕಿಲ್ಲ.

ಒದ್ದೆ ಕಾಗದ ಸಿಕ್ಕರೆ ಆತುರ ಬೇಡ. ಅಂಟಿಕೊಂಡ ಹಾಳೆಗಳನ್ನು ಎಳೆದರೆ ಅಕ್ಷರ ಕಿತ್ತು ಬರುತ್ತದೆ. ತಟ್ಟೆಯ ಮೇಲಿಟ್ಟು, ಮೇಲೆ ಕೆಳಗೆ ಬಿಳಿ ಹಾಳೆ ಹಾಕಿ, ನೆರಳಲ್ಲಿ ಫ್ಯಾನ್ ಗಾಳಿಗೆ ಇಡಿ. ಹಾಳೆ ಒದ್ದೆಯಾದಾಗಲೆಲ್ಲ ಬದಲಿಸಿ. ಬಿಸಿಲಿಗೆ ಬೇಡ. ನ್ಯೂಸ್‌ಪೇಪರ್ ಕೂಡ ಬೇಡ, ಅದರ ಮಸಿ ಹತ್ತುತ್ತದೆ. ಎರಡು ದಿನ ಹಿಡಿಯಲಿ. ಹೀಗೆ ಒಣಗಿಸಿದ ಒಂದು ಕ್ರಯಪತ್ರದ ಮೇಲೆ ಸರ್ವೆ ನಂಬರ್ ಓದುವ ಹಾಗಿತ್ತು. ಅಷ್ಟೇ ಸಾಕಾಯಿತು, ಅವರು ಅದನ್ನು ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೊಸ ನಕಲು ತೆಗೆಸಿಕೊಂಡರು.

ಡ್ಯಾಶ್‌ಬೋರ್ಡು, ಮ್ಯಾಟಿನ ಅಡಿ, ಸ್ಟೆಪ್ನಿ ಗುಂಡಿ ಇವೆಲ್ಲ ಎಲ್ಲರಿಗೂ ಗೊತ್ತಿರುವ ಜಾಗಗಳೇ. ನಾಣ್ಯಗಳಂತೂ ರಾಶಿ ಸಿಗುತ್ತವೆ. 25 ಪೈಸೆ ಮತ್ತು ಅದಕ್ಕಿಂತ ಸಣ್ಣವು 2011ರ ಜೂನ್ 30ರ ನಂತರ ಚಲಾವಣೆಯಲ್ಲಿಲ್ಲ, 50 ಪೈಸೆ ಇನ್ನೂ ಇದೆ. ಇಲಿ ಕಡಿದ ನೋಟು ಎಸೆಯಬೇಡಿ. 50 ರೂಪಾಯಿ ಮತ್ತು ಅದಕ್ಕೆ ಮೇಲಿನ ನೋಟಿನ ಒಂದೇ ತುಂಡು ಶೇ. 80ಕ್ಕಿಂತ ಜಾಸ್ತಿ ಉಳಿದಿದ್ದರೆ ಬ್ಯಾಂಕಿನಲ್ಲಿ ಪೂರ್ತಿ ಹಣ, ಶೇ. 40ರಿಂದ 80ರಷ್ಟಿದ್ದರೆ ಅರ್ಧ ಹಣ. 2016ರ ನವೆಂಬರಿನಲ್ಲಿ ರದ್ದಾದ 500, 1000ದ ಹಳೇ ನೋಟುಗಳು ಸಿಕ್ಕರೆ ಮಾತ್ರ ಬೇರೆ ವಿಷಯ. ಅವಕ್ಕೆ ಬೆಲೆ ಇಲ್ಲ. ಹತ್ತಕ್ಕಿಂತ ಜಾಸ್ತಿ ಇಟ್ಟುಕೊಂಡರೆ 2017ರ ಕಾನೂನಿನ ಪ್ರಕಾರ ದಂಡ ಬೇರೆ.

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಜೀಪುಗಳ ಬಗ್ಗೆ ಬೇರೆಯಾಗಿ ಹೇಳಬೇಕು. ಅವಕ್ಕೆ ಗ್ಯಾರೇಜಿನಲ್ಲಿ ತಮಗೆ ಬೇಕಾದ ಹಾಗೆ ತಗಡಿನ ಪೆಟ್ಟಿಗೆ ಬೆಸುಗೆ ಹಾಕಿಸಿರುತ್ತಾರೆ. ಸೀಟಿನಡಿ, ಚಕ್ರದ ಮೇಲೆ, ಕೆಲವೊಮ್ಮೆ ಡಬಲ್ ತಳ. ತೆರೆದರೆ ಕಾಫಿ ಬೀಜ, ಮೆಣಸಿನ ಕಾಳು, ಮರ ಕಸಿ ಮಾಡುವ ಕತ್ತರಿ, ಆಳುಗಳ ಲೆಕ್ಕದ ಪುಸ್ತಕ. ಒಂದು ಜೀಪಿನಲ್ಲಿ ಬಿಸ್ಕತ್ ಡಬ್ಬದೊಳಗೆ ಕೋವಿಯ ತೋಟಾ ಏಳು ಇದ್ದವು, ಹಿತ್ತಾಳೆ ಬುಡ ಹಸಿರು ಕಟ್ಟಿಕೊಂಡು. ಹಳೆಯದು, ಹಾಳಾಗಿದೆ ಅಂತ ಅಂದುಕೊಳ್ಳಬೇಡಿ. ಗ್ಯಾಸ್ ಕಟರಿನ ಬೆಂಕಿ ತಾಗಿದರೆ ಅದು ಸಿಡಿಯುತ್ತದೆ. ಮುಟ್ಟದೆ, ಎಲ್ಲರನ್ನೂ ದೂರ ಕಳಿಸಿ, ಪೊಲೀಸರಿಗೆ ಫೋನ್ ಮಾಡಿ. ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಇನ್ನೊಂದು ದೊಡ್ಡ ಅಪಾಯ ಓಮ್ನಿಯಲ್ಲಿ. ಹಿಂದಿನ ಸೀಟಿನಡಿ ಅಥವಾ ಡಿಕ್ಕಿಯಲ್ಲಿ ಅಡುಗೆ ಗ್ಯಾಸ್ ಸಿಲಿಂಡರ್ ಕೂರಿಸಿ ಓಡಿಸುತ್ತಿದ್ದವರಿದ್ದರು. ಓಮ್ನಿ ಬಂತೆಂದರೆ ನಮ್ಮಲ್ಲಿ ಮೊದಲು ಮೂಗಿಗೆ ಕೆಲಸ, ಆಮೇಲೆ ಕೈಗೆ.

ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ದೇವರ ಸಾಮಾನು. ನಮ್ಮ ಕಡೆ ಆಯುಧ ಪೂಜೆ ಮಾಡದ ಗಾಡಿ ಇಲ್ಲ. ಸ್ಟಿಯರಿಂಗ್ ಕಂಬಕ್ಕೆ ಕಟ್ಟಿದ ತಾಯಿತ, ಬಾನೆಟ್ ಮೂಲೆಯಲ್ಲಿ ಪದರ ಪದರವಾಗಿ ಒಣಗಿದ ಕುಂಕುಮ, ಡ್ರೈವರ್ ಸೀಟಿನಡಿ ಮಂತ್ರ ಬರೆದು ಸುತ್ತಿದ ತಾಮ್ರದ ತಗಡು, ಹರಕೆಗೆ ಅಂತ ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟು ಮರೆತ ನಾಣ್ಯ. ತಾಮ್ರ ಅಂತ ತಗಡನ್ನು ತೂಕಕ್ಕೆ ಹಾಕಬೇಡಿ. ಮಸೀದಿಯಿಂದ ತಂದ ತಾಯಿತ, ಚರ್ಚಿನ ಜಪಸರ, ಎಲ್ಲಕ್ಕೂ ನಮ್ಮಲ್ಲಿ ಒಂದೇ ಪದ್ಧತಿ. ಕತ್ತರಿಸದೆ ಗಂಟು ಬಿಚ್ಚಿ, ಬೇರೆ ಬೇರೆ ಕವರಿಗೆ ಹಾಕಿ, ಗಾಡಿಯವರನ್ನು ಕೇಳುತ್ತೇವೆ. ಹರಕೆ ಗಂಟನ್ನು ಬಿಟ್ಟು ಹೋದವರು ನನಗೆ ಯಾರೂ ಸಿಕ್ಕಿಲ್ಲ. ರಾತ್ರಿ ಹತ್ತು ಗಂಟೆಗೆ ಬಂದು ತೆಗೆದುಕೊಂಡು ಹೋದವರೂ ಇದ್ದಾರೆ.

ಯಾವುದೇ ವಸ್ತು ಸಿಗಲಿ, ಎತ್ತುವ ಮೊದಲು ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ. ಕವರಿನ ಮೇಲೆ ಗಾಡಿ ನಂಬರ್, ತಾರೀಖು, ಸಿಕ್ಕ ಜಾಗ, ತೆಗೆದವರ ಹೆಸರು ಬರೆಯಿರಿ. ಬೆಲೆ ಬಾಳುವುದಾದರೆ ಇಬ್ಬರು ಸಹಿ ಹಾಕಲಿ. ಬಿದ್ದು ಸಿಕ್ಕ ವಸ್ತುವನ್ನು ಕೈಗೆ ತೆಗೆದುಕೊಂಡವನು ಅದನ್ನು ಕಾಯಬೇಕು ಅಂತ 1872ರ ಕರಾರು ಕಾಯ್ದೆಯ 71ನೇ ಸೆಕ್ಷನ್ ಹೇಳುತ್ತದೆ. ನಮ್ಮ ಮಾವ ಅದನ್ನು ಓದಿದವರಲ್ಲ. ‘ಗಾಡಿ ಕೊಂಡಿದ್ದೀವಿ ಕಣೋ, ಅವರ ಮನೇನ ಕೊಂಡಿಲ್ಲ’ ಅನ್ನೋರು.

ಫೋನ್ ಮಾಡುವಾಗ ಒಂದು ಎಚ್ಚರ. ‘ನಿಮ್ಮ ಉಂಗುರ ಸಿಕ್ಕಿದೆ’ ಅಂತ ಹೇಳಬೇಡಿ. ‘ಒಂದು ವಸ್ತು ಸಿಕ್ಕಿದೆ, ನಿಮ್ಮದು ಏನು ಕಳೆದಿತ್ತು ಹೇಳಿ’ ಅನ್ನಿ. ಅವರೇ ವಿವರ ಹೇಳಲಿ. ಕೊಟ್ಟ ಮೇಲೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ. ಯಾರದೆಂದು ಗೊತ್ತೇ ಆಗದ ಚಿನ್ನ, ದುಡ್ಡು ಪೊಲೀಸ್ ಠಾಣೆಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಗಾಡಿ ಕೊಡುವವರಿಗೆ ಇನ್ನೊಂದು ಮಾತು. ನೋಂದಾಯಿತ ಕೇಂದ್ರಕ್ಕೇ ಕೊಡಿ, ಗಾಡಿ ಒಪ್ಪಿಸಿದ್ದಕ್ಕೆ ಅಲ್ಲಿ ಕೊಡುವ ಠೇವಣಿ ಪ್ರಮಾಣಪತ್ರ ಜೋಪಾನ ಮಾಡಿ, ಆರ್‌ಟಿಓದಲ್ಲಿ ನೋಂದಣಿ ರದ್ದಾಯಿತಾ ಅಂತ ನೋಡಿಕೊಳ್ಳಿ. ಬರುವಾಗ ಮನೆಯ ಹಿರಿಯರು, ಮಕ್ಕಳು ಯಾರಾದರೂ ಜೊತೆಗಿದ್ದರೆ ಒಳ್ಳೆಯದು. ಏನು ಎಲ್ಲಿ ಬಿದ್ದಿತ್ತು ಅಂತ ಅವರಿಗೇ ಜಾಸ್ತಿ ನೆನಪಿರುತ್ತದೆ.

ನನ್ನ ಬೀರುವಿನಲ್ಲಿ ಈಗ ಒಂದೇ ಕವರ್ ಉಳಿದಿದೆ. ಸ್ಕೂಲ್ ಮಕ್ಕಳನ್ನು ಬಿಡುತ್ತಿದ್ದ ಓಮ್ನಿಯದು. ಬಾಗಿಲು ಜಾರುವ ಹಳಿಯ ಪಕ್ಕ ಸಿಕ್ಕ ಒಂದು ಜಾಮಿಟ್ರಿ ಬಾಕ್ಸ್, ಒಳಗೆ ಅರ್ಧ ಸವೆದ ರಬ್ಬರು, ಮುಚ್ಚಳದ ಒಳಗೆ ಕಂಪಾಸಿನ ಮೊನೆಯಲ್ಲಿ ಗೀಚಿದ ‘5ನೇ ಬಿ’. ವ್ಯಾನ್ ಓಡಿಸುತ್ತಿದ್ದ ಅಣ್ಣನಿಗೆ ಫೋಟೋ ಕಳಿಸಿದ್ದೇನೆ. ಹಳೇ ಮಕ್ಕಳ ಅಪ್ಪ ಅಮ್ಮಂದಿರ ನಂಬರುಗಳು ಅವರ ಹತ್ತಿರ ಇನ್ನೂ ಇವೆಯಂತೆ, ಒಬ್ಬೊಬ್ಬರನ್ನೇ ಕೇಳುತ್ತಿದ್ದಾರೆ.